ಬೆರಳ ತುದಿಯ ಬಡಿತ

“ಯಾವಾಗ ಶುರು ಮಾಡ್ತೀರಿ?”

ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ. ಅವನ ತಲೆಯ ಭಾರವೆಲ್ಲ ಅಷ್ಟು ಹೊತ್ತಿನಿಂದ ಅವಳ ಎರಡು ಅಂಗೈಗಳ ಮೇಲಿತ್ತು.

“ಮುಗೀತು,” ಎಂದಳು ಅವಳು.

ಅವನು ಕಣ್ಣು ಬಿಟ್ಟ. ತಲೆಯ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಅವಳ ಮುಖ ಅವನಿಗೆ ತಲೆಕೆಳಗಾಗಿ ಕಂಡಿರಬೇಕು. ಕಣ್ಣು ಯಾವುದು, ಬಾಯಿ ಯಾವುದು ಎಂದು ಹುಡುಕುವವನ ಹಾಗೆ ಒಂದು ಗಳಿಗೆ ನೋಡಿ, ಆಮೇಲೆ ನಕ್ಕುಬಿಟ್ಟ. ಎಲುಬು ಲಟಕ್ಕೆನ್ನಿಸುತ್ತಾರೆ, ಕತ್ತು ತಿರುಚುತ್ತಾರೆ, ಕಿರುಚಿ ಮರ್ಯಾದೆ ಕಳೆಯಬೇಡ ಎಂದು ಜೊತೆಯವರು ಹೆದರಿಸಿ ಕಳಿಸಿದ್ದರಂತೆ. ಈಗ ಬರುತ್ತೆ, ಇನ್ನೇನು ಬರುತ್ತೆ ಎಂದು ಹಲ್ಲು ಕಚ್ಚಿಕೊಂಡು ಮಲಗಿದ್ದನಂತೆ.

ಕಚ್ಚಿಕೊಂಡಿದ್ದು ತನಗೆ ಗೊತ್ತಾಗಿತ್ತು, ದವಡೆಯ ಬಿಗಿಯೆಲ್ಲ ಕತ್ತಿಗೇ ಬರುತ್ತದೆ, ಮುಂದಿನ ಸಲ ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದು ಅವಳು ಹೇಳಿದಳು. ಹೇಳುವಾಗ ತನ್ನ ದನಿಯಲ್ಲೂ ಒಂದು ನಗು ಸೇರಿಕೊಂಡಿದ್ದು ಅವಳಿಗೆ ತಿಳಿಯಲಿಲ್ಲ. ಪರದೆಯ ಆಚೆ ಕೂತಿದ್ದ ದೊಡ್ಡ ಮೇಡಮ್‌ಗೆ ಮಾತ್ರ ತಿಳಿಯಿತು.

ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ಆ ಕ್ಲಿನಿಕ್. ಎರಡು ಎತ್ತರದ ಮಂಚ, ನಡುವೆ ಒಂದು ಪರದೆ, ಮಗ್ಗುಲು ಬದಲಿಸಿದರೆ ಸರಬರ ಎನ್ನುವ ಕಾಗದದ ಹಾಸು, ಗೋಡೆಗೊಂದು ಗಡಿಯಾರ. ಆಸ್ಟಿಯೋಪಥಿ ಎಂಬ ಬೋರ್ಡು ನೋಡಿ ಮೆಟ್ಟಿಲು ಹತ್ತಿ ಬಂದವರಲ್ಲಿ ಅರ್ಧ ಜನ ಇದು ಮಸಾಜು ಎಂದುಕೊಂಡಿರುತ್ತಿದ್ದರು, ಉಳಿದರ್ಧ ಜನ ಮೂಳೆ ಕೂರಿಸುವ ಜಾಗ ಎಂದು. ಎರಡೂ ಅಲ್ಲ, ಇದು ಕೈಯಿಂದ ಕೇಳಿಸಿಕೊಳ್ಳುವ ಕೆಲಸ ಎಂದು ದೊಡ್ಡ ಮೇಡಮ್ ಹೇಳುತ್ತಿದ್ದರು. ಕ್ಲಿನಿಕ್ ಅವರದೇ. ಅವರ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿ ಬಹಳ ಕಾಲವಾಗಿತ್ತು. ಈಗ ಬಾಗಿಲ ಬಳಿಯ ಮೇಜಿನಲ್ಲಿ ಪದಬಂಧ ಬಿಡಿಸುತ್ತ, ಪರದೆಯಾಚೆಯ ಒಂದು ಮಾತನ್ನೂ ಬಿಡದೆ ಕೇಳುತ್ತ ಕೂರುತ್ತಿದ್ದರು. ಕೈಯ ಕೆಲಸವೆಲ್ಲ ಅವಳ ಪಾಲಿನದು.

ಬೆಳಗಿನಿಂದ ಸಂಜೆಯವರೆಗೆ ಯಾರ ಯಾರದೋ ಬೆನ್ನು, ಭುಜ, ಕತ್ತು ಅವಳ ಕೈಗೆ ಬರುತ್ತಿದ್ದವು. ಆದರೆ ಅವಳನ್ನು ಮುಟ್ಟುವವರು ಯಾರೂ ಇರಲಿಲ್ಲ. ಚಿಲ್ಲರೆ ಕೊಡುವಾಗ ಅಂಗಡಿಯವನ ಬೆರಳು ಅಂಗೈಗೆ ತಾಗಿದರೆ ಮನೆ ಸೇರುವವರೆಗೂ ಆ ಜಾಗ ನೆನಪಿರುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅಯ್ಯೋ ಪಾಪ ಎನ್ನುತ್ತಾರೆ, ಆ ಎರಡು ಪದ ಅವಳಿಗೆ ಆಗಿಬರುತ್ತಿರಲಿಲ್ಲ.

ಅವನದು ಟವರ್ ಕ್ರೇನಿನ ಕೆಲಸ. ಎದುರಿನ ಬೀದಿಯಲ್ಲಿ ಏಳುತ್ತಿದ್ದ ಎತ್ತರದ ಕಟ್ಟಡದ ಪಕ್ಕ ನಿಂತಿದ್ದ ಹಳದಿ ಕ್ರೇನಿನ ತುದಿಯಲ್ಲಿ ಒಂದು ಗಾಜಿನ ಗೂಡು. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಏಣಿ ಹತ್ತಿದರೆ ಅವನು ಇಳಿಯುತ್ತಿದ್ದದ್ದು ಸಂಜೆಗೇ. ಕೆಲಸಗಾರರು ಅವನನ್ನು ‘ಮೇಲಿನವರು’ ಎಂದೇ ಕರೆಯುತ್ತಿದ್ದರು. ಇಟ್ಟಿಗೆ ಬೇಗ ಬಂದರೆ ‘ಎಲ್ಲ ಮೇಲಿನವರ ದಯೆ’ ಎಂದು ಕೈ ಮುಗಿಯುತ್ತಿದ್ದರಂತೆ. ಈಗ ಮೇಲಿನವರು ಕೆಳಗಿಳಿದಿದ್ದರು.

ಕಾರಣ ಹೃದಯ. ಕೂತಲ್ಲೇ ಕೂತಿದ್ದರೂ ಅದು ಮೆಟ್ಟಿಲು ಹತ್ತಿದವರ ಹಾಗೆ ಓಡುತ್ತಿತ್ತು. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿ, ಹೃದಯದಲ್ಲಿ ದೋಷವೇನೂ ಇಲ್ಲ, ಉದ್ವೇಗ ಇಳಿಯಬೇಕು, ಕತ್ತಿನ ಬಿಗಿ ಬಿಡಬೇಕು ಎಂದಿದ್ದರು. ಕಂಪನಿಯ ಡಾಕ್ಟರು ಅವನನ್ನು ಕ್ರೇನಿನಿಂದ ಇಳಿಸಿ ಸ್ಟೋರಿನಲ್ಲಿ ಕೂರಿಸಿದರು, ಕೈಗವಸು, ಹೆಲ್ಮೆಟ್ ಹಂಚುವುದಕ್ಕೆ. ಬಡಿತ ತಗ್ಗಿದೆ ಎಂದು ಚಿಕಿತ್ಸೆ ಕೊಡುವವರು ಬರೆದುಕೊಟ್ಟರೆ ಕಡೆಯ ಪರೀಕ್ಷೆ. ಅದರಲ್ಲಿ ಪಾಸಾದರೆ ಮತ್ತೆ ಮೇಲೆ. ಇಲ್ಲಿಯ ಕೆಲಸ ಮುಗಿಯುತ್ತ ಬಂದಿತ್ತು. ಮುಂದಿನ ತಿಂಗಳ ಕೊನೆಗೆ ಕ್ರೇನನ್ನು ಬಿಚ್ಚಿ ದೂರದ ಒಂದು ಬಂದರಿಗೆ ಸಾಗಿಸುತ್ತಾರೆ, ಜೊತೆಗೆ ಅದನ್ನು ನಡೆಸುವವನೂ ಹೋಗುತ್ತಾನೆ. ಅವನು ಹೋಗಲಾಗದಿದ್ದರೆ ಬೇರೊಬ್ಬ ಹೋಗುತ್ತಾನೆ, ಅವನು ಸ್ಟೋರಿನಲ್ಲೇ ಉಳಿಯುತ್ತಾನೆ.

“ಗ್ಲೌಸ್ ಎಣಿಸ್ಕೊಂಡು ಸಾಯಕ್ಕಾಗಲ್ಲ ಡಾಕ್ಟ್ರೇ,” ಎಂದಿದ್ದ ಅವನು ಮೊದಲ ದಿನವೇ.

ತಾನು ಡಾಕ್ಟರಲ್ಲ ಎಂದು ಅವಳು ತಿದ್ದಿದಳು. ಅವನು ಸರಿ ಡಾಕ್ಟ್ರೇ ಎಂದ.

ತಲೆಬುರುಡೆಯ ಬುಡದಿಂದ ಹೊರಟು ಕತ್ತಿನಗುಂಟ ಎದೆಗಿಳಿಯುವ ನರವೊಂದಿದೆ, ಅದು ಹೃದಯಕ್ಕೆ ಬ್ರೇಕ್ ಇದ್ದ ಹಾಗೆ ಎಂದು ಅವಳು ವಿವರಿಸಿದಾಗ ಅವನ ಮುಖ ಅರಳಿತು. ಬ್ರೇಕ್ ಎಂದರೆ ಅವನ ಮನೆಮಾತು. ನಿಮ್ಮ ಕೈ ಹಿಡಿದರೆ ಆ ಬ್ರೇಕ್ ಬೀಳುತ್ತದೆಯೇ ಎಂದು ಕೇಳಿದ. ಕೆಲವರಲ್ಲಿ ಬಿದ್ದ ಹಾಗೆ ಕಾಣುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಯಾಕೆ ಆಗುತ್ತದೆ ಎನ್ನುವುದು ಖಚಿತವಾಗಿ ಯಾರಿಗೂ ಗೊತ್ತಿಲ್ಲ, ನಡೆದಿರುವ ಅಧ್ಯಯನಗಳೆಲ್ಲ ಚಿಕ್ಕವು ಎಂದು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಗ್ಯಾರಂಟಿ ಕೊಡದ ಮೊದಲ ಮನುಷ್ಯರು ನೀವೇ ಎಂದು ಅವನು ಮೆಚ್ಚಿಕೊಂಡ.

ಆರೋಗ್ಯವಂತ ಹೃದಯ ಗಡಿಯಾರದ ಹಾಗೆ ಒಂದೇ ಸಮ ಬಡಿಯುವುದಿಲ್ಲ ಎಂದೂ ಅವಳು ಹೇಳಿದಳು. ಉಸಿರು ಒಳಗೆ ಹೋದಾಗ ತುಸು ಚುರುಕು, ಹೊರಗೆ ಬಂದಾಗ ತುಸು ನಿಧಾನ. ಆ ಏರಿಳಿತ ಇದ್ದರೇ ಕ್ಷೇಮ.

ಅವನು ಚಾವಣಿ ನೋಡುತ್ತ ತನ್ನ ಕಡೆಯದೊಂದು ಮಾತು ಹೇಳಿದ.

“ಕೆಲಸ ಮುಗಿಸಿ ಇಳಿಯೋವಾಗ ಕ್ರೇನಿಗೂ ನಾವು ಬ್ರೇಕ್ ಹಾಕಲ್ಲ. ಬಿಟ್ಟು ಬರ್ತೀವಿ. ಗಾಳಿ ಯಾವ ಕಡೆಗೋ ಆ ಕಡೆಗೆ ಅದೇ ತಿರುಗ್ಕೊಳ್ಳತ್ತೆ. ಬಿಗಿದು ಹಾಕಿದ್ರೆ ದೊಡ್ಡ ಗಾಳೀಲಿ ಬಿದ್ದೋಗತ್ತೆ.”

ಅವಳ ಮನೆಯ ಅಡುಗೆಮನೆಯ ಕಿಟಕಿಯಿಂದ ಆ ಕ್ರೇನು ಕಾಣುತ್ತಿತ್ತು. ಸಂಜೆ ಅದು ತಾನೇ ತಾನಾಗಿ ತಿರುಗುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಯಾರೋ ಇನ್ನೂ ಕೆಲಸ ಮಾಡುತ್ತಿದ್ದಾರೆ, ಪಾಪ, ಅವರಿಗೂ ಮನೆಗೆ ಹೋಗುವ ಆತುರವಿಲ್ಲ ಎಂದುಕೊಂಡಿದ್ದಳು.

ಮಂಗಳವಾರ ಮತ್ತು ಶುಕ್ರವಾರ ಅವನ ಸರದಿ. ಮಂಗಳವಾರಕ್ಕೆ ತಾನು ನೀಲಿ ಕುರ್ತಾ ಎತ್ತಿಡುತ್ತಿರುವುದು ಅವಳಿಗೆ ಮೂರನೆಯ ವಾರ ಗಮನಕ್ಕೆ ಬಂತು. ಬಂದ ಮೇಲೂ ಅವಳು ಅದನ್ನೇ ಹಾಕಿಕೊಂಡಳು.

ಅವನು ಮಾತುಗಾರ. ದಿನವೆಲ್ಲ ಒಬ್ಬನೇ ಇದ್ದವನಿಗೆ ಮಾತು ಒಳಗೇ ಕೂಡಿಕೊಂಡಿರುತ್ತದೆ. ಕೆಳಗೆ ನಿಂತು ವಾಕಿಟಾಕಿಯಲ್ಲಿ ದಾರಿ ಹೇಳುವವರೊಬ್ಬರು ಇರುತ್ತಾರಂತೆ. ಅವನಿಗೆ ಅಷ್ಟೂ ವರ್ಷ ಒಬ್ಬರೇ ಇದ್ದರು. ರಕ್ತಸಂಬಂಧವಿಲ್ಲದಿದ್ದರೂ ಚಿಕ್ಕಪ್ಪ ಎಂದೇ ಕರೆಯುತ್ತಿದ್ದ. ‘ಎತ್ತು ಮಗಾ, ಇನ್ನೂ, ಇನ್ನೂ, ಸಾಕು’ ಎಂಬ ಆ ದನಿ ಕಿವಿಯಲ್ಲಿದ್ದರೆ ಎಷ್ಟು ಎತ್ತರವಾದರೂ ನೆಲದ ಮೇಲಿದ್ದ ಹಾಗೇ ಇತ್ತಂತೆ. ಒಂದು ಬೆಳಿಗ್ಗೆ ಚಿಕ್ಕಪ್ಪ ಕೆಲಸಕ್ಕೆ ಹೊರಡಲು ಶೂ ಹಾಕಿಕೊಳ್ಳುತ್ತ ಕೂತವರು ಏಳಲೇ ಇಲ್ಲ. ಮಾರನೆಯ ವಾರ ಹೊಸ ದನಿ ಬಂತು. ಅದೂ ಸರಿಯಾಗೇ ದಾರಿ ಹೇಳುತ್ತಿತ್ತು. ಆದರೆ ಅದು ಸಾಕು ಎಂದಾಗಲೆಲ್ಲ ಅವನ ಎದೆ ಡವಗುಟ್ಟತೊಡಗಿತು.

ಅವಳು ತಲೆಯ ಕೆಳಗಿನ ಬೆರಳುಗಳನ್ನು ಒಂದಿಷ್ಟು ಮೃದು ಮಾಡಿದಳು. ಅವನ ಕಣ್ಣ ಕೊನೆಯಿಂದ ನೀರಿಳಿದು ಕಿವಿಯ ಕಡೆ ಹೋಯಿತು. ಅದನ್ನು ಒರೆಸಲು ಕೈ ತೆಗೆಯಬೇಕಾಗುತ್ತಿತ್ತು, ಹಾಗಾಗಿ ಅವಳು ಒರೆಸಲಿಲ್ಲ.

ಇನ್ನೊಂದು ದಿನ ನಗುತ್ತ ಹೇಳಿದ, ಮೇಲಿನಿಂದ ಊರೆಲ್ಲ ಕಾಣುತ್ತದೆ, ಆದರೆ ಯಾರ ಮುಖವೂ ಕಾಣುವುದಿಲ್ಲ ಎಂದು. ಒಂದು ಕಿಟಕಿ ಮಾತ್ರ ಅವನಿಗೆ ಗುರುತು. ಅವನು ಇಳಿಯುವ ಹೊತ್ತಿಗೆ ಅಲ್ಲಿ ದೀಪ ಹತ್ತುತ್ತದೆ. ಯಾರೋ ಒಬ್ಬರು ತಟ್ಟೆ ಕೈಯಲ್ಲಿ ಹಿಡಿದು, ಕಿಟಕಿಗೆ ಒರಗಿ, ನಿಂತುಕೊಂಡೇ ಊಟ ಮಾಡುತ್ತಾರೆ.

“ಆಕಾರ ಅಷ್ಟೇ ಕಾಣೋದು. ನಂಗೆ ದಿನಾ ಅನ್ಸೋದು, ಇವ್ರಿಗೆ ಯಾರಾದ್ರೂ ಒಂದು ಕುರ್ಚಿ ಕೊಡಬಾರ್ದಾ ಅಂತ.”

ಅವಳ ಬೆರಳುಗಳು ನಿಂತಲ್ಲೇ ನಿಂತವು. ಅಮ್ಮ ಹೋದ ಮೇಲೆ ಅವಳು ಆ ಮನೆಯಲ್ಲಿ ಕೂತು ಊಟ ಮಾಡಿದ್ದಿಲ್ಲ. ಒಬ್ಬಳಿಗೆ ಮೇಜು ಯಾಕೆ ಎಂದು ಅದನ್ನೂ ಕೊಟ್ಟುಬಿಟ್ಟಿದ್ದಳು. ಮುಖಕ್ಕೆ ರಕ್ತ ಏರಿದ್ದು ಅವಳಿಗೆ ಗೊತ್ತಾಯಿತು. ಅವನ ಕಣ್ಣು ಮುಚ್ಚಿತ್ತು, ಸದ್ಯ.

ಅಂದು ಕೂಡ, ಎಲ್ಲ ದಿನಗಳಂತೆ, ಕೊನೆಯಲ್ಲಿ ಅವನ ಬಡಿತ ಹೆಚ್ಚಾಗಿತ್ತು.

ಬಡಿತ ಅಳೆಯಲು ಕ್ಲಿನಿಕ್ಕಿನಲ್ಲಿ ಎದೆಗೆ ಕಟ್ಟುವ ಪಟ್ಟಿಯೊಂದಿತ್ತು. ಅದರ ರಬ್ಬರು ಹರಿದು, ಹೊಸದು ಇಂದು ಬರುತ್ತೆ ನಾಳೆ ಬರುತ್ತೆ ಎಂದು ದಿನ ದೂಡುತ್ತಿತ್ತು. ಅವಳು ತಲೆ ಕೆಡಿಸಿಕೊಂಡಿರಲಿಲ್ಲ, ಬೆರಳಿದ್ದವಲ್ಲ. ಶುರುವಿನಲ್ಲಿ ಅವನನ್ನು ಕೂರಿಸಿ ಮಣಿಕಟ್ಟಿನಲ್ಲಿ ಎಣಿಸುತ್ತಿದ್ದಳು. ಅದು ಮೆಟ್ಟಿಲು ಹತ್ತಿ ಬಂದ ಬಡಿತವಾದ್ದರಿಂದ ವರದಿಗೆ ಹೋಗುತ್ತಿದ್ದದ್ದು ಕೊನೆಯ ಎಣಿಕೆಯೇ. ಕೊನೆಯಲ್ಲಿ ಮಾತ್ರ ಅವಳದೇ ಒಂದು ಪದ್ಧತಿ. ಆ ಹೊತ್ತಿಗೆ ರೋಗಿ ಹಾಯಾಗಿ ಮಲಗಿರುತ್ತಾರೆ, ಕೈ ತೆಗೆದರೆ ಆ ನೆಮ್ಮದಿ ಕದಡುತ್ತದೆ. ಹಾಗಾಗಿ ತಲೆಯ ಕೆಳಗಿದ್ದ ಬೆರಳುಗಳನ್ನು ಅಲುಗಿಸದೆ, ಕತ್ತಿನ ಅಂಚಿನಲ್ಲೇ ಬಡಿತ ಹಿಡಿದು ಗಡಿಯಾರ ನೋಡಿ ಎಣಿಸಿಬಿಡುತ್ತಿದ್ದಳು.

ಎಲ್ಲರಲ್ಲೂ ಕೊನೆಯ ಎಣಿಕೆ ಇಳಿಯುತ್ತಿತ್ತು. ಇವನಲ್ಲಿ ಏರುತ್ತಿತ್ತು, ವಾರದಿಂದ ವಾರಕ್ಕೆ ಇನ್ನೂ ಜೋರಾಗಿ. ಅವಳು ಕಂಪನಿಯ ಡಾಕ್ಟರಿಗೆ ಇನ್ನೂ ತಗ್ಗಿಲ್ಲ ಎಂದೇ ಬರೆದು ಕಳಿಸಬೇಕಾಗುತ್ತಿತ್ತು. ನನಗೆ ಹಗುರವಾಗಿದೆ ಡಾಕ್ಟ್ರೇ, ನಿದ್ದೆ ಬರುತ್ತಿದೆ, ಮೆಟ್ಟಿಲು ಹತ್ತಿದರೂ ಏನೂ ಆಗುತ್ತಿಲ್ಲ ಎಂದು ಅವನು ಹೇಳುತ್ತಿದ್ದ. ನನ್ನ ಸಮಾಧಾನಕ್ಕೆ ಹೇಳುತ್ತಾನೆ ಎಂದು ಅವಳು ನೊಂದುಕೊಳ್ಳುತ್ತಿದ್ದಳು.

ಕ್ರೇನು ಬಿಚ್ಚುವ ದಿನ ಹತ್ತಿರವಾಗುತ್ತಿತ್ತು. ಬದಲಿ ಆಪರೇಟರ್ ಬಂದು ಕ್ರೇನನ್ನು ನೋಡಿಕೊಂಡು ಹೋದ ಎಂದು ಅವನು ಒಂದು ಶುಕ್ರವಾರ ಹೇಳಿದ. ಹೇಳುವಾಗ ನಗಲಿಲ್ಲ.

ಹೊಸ ಪಟ್ಟಿ ಬಂದದ್ದೂ ಅದೇ ಶುಕ್ರವಾರ. ಅದನ್ನು ಕಟ್ಟಿಸಿ, ಬಡಿತ ತೋರಿಸುವ ಅದರ ಪುಟ್ಟ ಪರದೆಯನ್ನು ಪಕ್ಕದ ಸ್ಟೂಲಿನ ಮೇಲಿಟ್ಟು, ಅವಳು ಎಂದಿನಂತೆ ಅವನ ತಲೆಯನ್ನು ಕೈಗೆ ತೆಗೆದುಕೊಂಡಳು. ಸ್ವಲ್ಪ ಹೊತ್ತಿಗೆ ಅವನಿಗೆ ನಿದ್ದೆ ಬಂತು. ಸಣ್ಣಗೆ ಗೊರಕೆ. ಅವಳ ಬೆರಳಡಿಯಲ್ಲಿ ಬಡಿತ ಕುದುರೆಯ ಹಾಗೆ ಓಡುತ್ತಿತ್ತು. ಅವಳು ಪರದೆ ನೋಡಿದಳು.

ಅಲ್ಲಿ ಗೆರೆಯೊಂದು ಆರಾಮವಾಗಿ ತೂಗುತ್ತಿತ್ತು. ಉಸಿರು ಒಳಗೆ ಹೋದರೆ ತುಸು ಚುರುಕು, ಹೊರಗೆ ಬಂದರೆ ತುಸು ನಿಧಾನ. ಅಂಕಿ ಅರವತ್ತರ ಆಸುಪಾಸಿನಲ್ಲಿತ್ತು. ಪುಸ್ತಕದಲ್ಲಿ ಅಚ್ಚು ಹಾಕಬಹುದಾದಂಥ ಗೆರೆ.

ಯಂತ್ರ ಕೆಟ್ಟಿದೆ ಎಂದು ಅವಳು ಮೆಲ್ಲಗೆ ಕೂಗಿ ಹೇಳಿದಳು. ದೊಡ್ಡ ಮೇಡಮ್ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಬಂದರು. ಪರದೆ ನೋಡಿದರು, ಮಲಗಿದ್ದವನನ್ನು ನೋಡಿದರು, ಕೊನೆಗೆ ಅವಳ ಗಂಟಲ ಬಳಿ ಪಟಪಟ ಹಾರುತ್ತಿದ್ದ ನರವನ್ನು ನೋಡಿದರು. ಹೋಗಿ ತಮ್ಮ ಮೇಜಿನಲ್ಲಿ ಕೂತರು.

ಅವನು ಎದ್ದು ಹೋದ ಮೇಲೆ ಬಾಯಿಬಿಟ್ಟರು.

“ಬೆರಳಿನ ಮೇಲೆ ಭಾರ ಬಿದ್ರೆ ನಮ್ಮ ಬೆರಳಿನ ಬಡಿತವೇ ಕೇಳ್ಸತ್ತೆ. ಮೊದಲ ವರ್ಷದ ಮಕ್ಕಳಿಗೆ ಹೇಳಿಕೊಡೋ ಪಾಠ ಇದು.”

“ಬೇರೆ ಯಾರ ವಿಷಯದಲ್ಲೂ ಹೀಗಾಗಿಲ್ಲ ಮೇಡಮ್.”

“ಬೇರೆ ಯಾರ ತಲೆ ಹಿಡ್ಕೊಂಡಾಗ್ಲೂ ನಿಂದು ಹೀಗೆ ಓಡಿರಲಿಲ್ಲ, ಮಗು.”

ಅವಳು ಕಾಗದದ ಹಾಸನ್ನು ಸುತ್ತುತ್ತ ನಿಂತಳು. ಅದು ಉಂಡೆಯಾಗಿ, ಇನ್ನೂ ಚಿಕ್ಕ ಉಂಡೆಯಾಗಿ, ಮುಷ್ಟಿಯೊಳಗೆ ಮುಗಿದುಹೋಯಿತು. ವರದಿ ನೀನೇ ಬರಿ, ಯಾವಾಗ ಬರೀತೀಯೋ ಅದೂ ನಿನಗೇ ಬಿಟ್ಟಿದ್ದು ಎಂದಷ್ಟೇ ಹೇಳಿ ದೊಡ್ಡ ಮೇಡಮ್ ಪದಬಂಧಕ್ಕೆ ಮರಳಿದರು.

ಆ ಶನಿವಾರ, ಭಾನುವಾರ ಅವಳು ಮನೆಯಲ್ಲೇ ಇದ್ದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಲೆಕ್ಕ ಸರಳವಾಗಿತ್ತು, ಅದೇ ಕಷ್ಟ. ನಿಜ ಹೇಳಿದರೆ ಅವನು ಮೇಲೆ ಹೋಗುತ್ತಾನೆ, ಅಲ್ಲಿಂದ ಬಂದರಿಗೆ. ಹೇಳದಿದ್ದರೆ ಬೇರೊಬ್ಬ ಹೋಗುತ್ತಾನೆ. ಇವನು ಒಂದು ಬೀದಿಯ ದೂರದಲ್ಲಿ ಉಳಿಯುತ್ತಾನೆ, ಮಂಗಳವಾರ ಬರುತ್ತಾನೆ, ಶುಕ್ರವಾರ ಬರುತ್ತಾನೆ, ಡಾಕ್ಟ್ರೇ ಎನ್ನುತ್ತಾನೆ. ಅದಕ್ಕಾಗಿ ಸುಳ್ಳನ್ನೇನೂ ಹೇಳಬೇಕಾಗಿರಲಿಲ್ಲ. ಇನ್ನೊಂದು ವಾರ ಸುಮ್ಮನಿದ್ದರೆ ಸಾಕಿತ್ತು. ಇಷ್ಟು ವರ್ಷ ಯಾವುದನ್ನೂ ಕೇಳದ ನನಗೆ ಇಷ್ಟಾದರೂ ಇರಬಾರದೇ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಯಿತು, ಆದರೂ ಅನ್ನಿಸುವುದು ನಿಲ್ಲಲಿಲ್ಲ.

ಭಾನುವಾರ ಅಕ್ಕನ ಫೋನು. ಅಕ್ಕ ದೂರದಲ್ಲಿದ್ದಳು, ವಾರಕ್ಕೊಮ್ಮೆ ಮಾತು. ಮಕ್ಕಳ ಪರೀಕ್ಷೆ, ಭಾವನ ಮಂಡಿನೋವು ಎಲ್ಲ ಹೇಳಿ ಮುಗಿಸಿ ಕೊನೆಗೆ ಎಂದಿನ ಪ್ರಶ್ನೆ ಕೇಳಿದಳು, ಏನಾದರೂ ವಿಶೇಷ ಇದೆಯಾ ಪುಟ್ಟಿ ಎಂದು. ಏನಿಲ್ಲ ಅಕ್ಕ ಎಂದಳು ಅವಳು. ಫೋನಿಟ್ಟ ಮೇಲೆ ಗೋಡೆಗೆ ಒರಗಿ ಸ್ವಲ್ಪ ಅತ್ತಳು.

ಮುಖ ತೊಳೆದು ಕಿಟಕಿಗೆ ಬಂದಾಗ ಹೊರಗೆ ಗಾಳಿ ಎದ್ದಿತ್ತು. ಕ್ರೇನಿನ ಉದ್ದದ ತೋಳು, ಒಳಗೆ ಯಾರೂ ಇಲ್ಲದೆ, ಗಾಳಿಯ ಕಡೆಗೆ ನಿಧಾನವಾಗಿ ತಿರುಗಿಕೊಳ್ಳುತ್ತಿತ್ತು. ಬಿಗಿದು ಹಾಕಿದರೆ ಬಿದ್ದುಹೋಗುತ್ತದೆ ಎಂದು ಅವನು ಹೇಳಿದ್ದು ಅವಳಿಗೆ ನೆನಪಾಯಿತು. ಆ ಹೊತ್ತಿಗೇ ಅವಳ ಮನಸ್ಸು ಗಟ್ಟಿಯಾಯಿತು. ನೆಮ್ಮದಿ ಮಾತ್ರ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಅವಳೇ ಸೈಟಿಗೆ ಹೋದಳು. ಸ್ಟೋರ್ ಎಂದರೆ ತಗಡಿನ ಒಂದು ಕೋಣೆ. ರಾಕಿನ ತುಂಬ ಕೈಗವಸು, ಹಗ್ಗ, ಬೂಟು. ಅವನು ಅವಳನ್ನು ನೋಡಿ ಎದ್ದು ನಿಂತ. ಆಮೇಲೆ, ಏನು ಮಾಡಬೇಕೆಂದು ತಿಳಿಯದೆಯೋ ಏನೋ, ಒಂದು ಹಳದಿ ಹೆಲ್ಮೆಟ್ ತೆಗೆದು ಕೊಟ್ಟ. ಒಳಗೆ ಬರುವವರು ಹಾಕಿಕೊಳ್ಳಲೇಬೇಕು, ರೂಲ್ಸು. ಅದು ಅವಳ ಹುಬ್ಬಿನವರೆಗೆ ಇಳಿಯಿತು. ಅವನು ಗಲ್ಲದ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು, ಅವಳ ಚರ್ಮಕ್ಕೆ ಎಲ್ಲಿಯೂ ತಾಗದಂತೆ, ಬಹಳ ಹುಷಾರಾಗಿ ಬಿಗಿ ಮಾಡಿದ. ತಾಗಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಅವಳು ಉರು ಹೊಡೆದದ್ದನ್ನು ಒಪ್ಪಿಸುವವರಂತೆ ಹೇಳಿದಳು. ತನ್ನ ಎಣಿಕೆ ತಪ್ಪಾಗಿತ್ತು. ಅವನ ಹೃದಯ ಬಹುಶಃ ಮೂರನೆಯ ವಾರದಿಂದಲೇ ಸರಿಯಾಗಿತ್ತು. ತಪ್ಪು ಪೂರ್ತಿ ನನ್ನದು, ಡಾಕ್ಟರಿಗೆ ಹಾಗೆಂದೇ ಬರೆದಿದ್ದೇನೆ, ಇವತ್ತೇ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ. ಇನ್ನು ಕ್ಲಿನಿಕ್ಕಿಗೆ ಬರುವ ಅಗತ್ಯವಿಲ್ಲ.

ಅವನ ಮುಖದಲ್ಲಿ ಮೊದಲು ಬೆಳಕು ಬಂತು. ಆಮೇಲೆ ಅದು ಯೋಚನೆಯಾಗಿ ತಿರುಗಿತು.

“ಆದ್ರೆ ನೀವು ಏನನ್ನೋ ಎಣಿಸ್ತಿದ್ರಲ್ಲ. ಹಾಗಾದ್ರೆ ಅದು ಯಾರದ್ದು?”

ಹೊರಗೆ ಲಾರಿಯೊಂದು ಹಿಂದಕ್ಕೆ ಬರುತ್ತ ಬೀಪ್ ಬೀಪ್ ಎನ್ನುತ್ತಿತ್ತು. ಅವಳು ಪೇಷಂಟ್ ಕಾಯ್ತಿದ್ದಾರೆ ಎಂದು ಗೊಣಗಿ ಅಲ್ಲಿಂದ ಕಾಲು ಕಿತ್ತಳು. ಬೀದಿ ದಾಟಿ, ಕನ್ನಡಕದಂಗಡಿಯವನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರೂ ತಿಳಿಯದೆ, ಮೆಟ್ಟಿಲು ಹತ್ತಿ ಕ್ಲಿನಿಕ್ಕಿಗೆ ಬಂದಳು. ದೊಡ್ಡ ಮೇಡಮ್ ಅವಳನ್ನು ನೋಡಿ ಪೆನ್ಸಿಲು ಕೆಳಗಿಟ್ಟರು.

“ಚಾವಣಿ ಬೀಳತ್ತೆ ಅಂತ ಯಾರಾದ್ರೂ ಹೇಳಿದ್ರಾ?”

ತಲೆ ಮುಟ್ಟಿ ನೋಡಿಕೊಂಡರೆ ಹೆಲ್ಮೆಟ್ ಅಲ್ಲೇ ಇತ್ತು.

ಅವನು ಪಾಸಾದ. ಅವನೇನೂ ಬಂದು ಹೇಳಲಿಲ್ಲ. ಬುಧವಾರ ಗಾಜಿನ ಗೂಡಿನಲ್ಲಿ ಯಾರೋ ಕೂತಿದ್ದರು. ತೋಳು ತಿರುಗುವ ರೀತಿಯಲ್ಲೇ ಅದು ಅವನೆಂದು ಅವಳಿಗೆ ಗೊತ್ತಾಯಿತು, ಆತುರವಿಲ್ಲ, ಆದರೆ ಎಲ್ಲಿಯೂ ತಡೆಯುವುದಿಲ್ಲ. ಹೊಟ್ಟೆ ತಣ್ಣಗಾಯಿತು. ಅದರ ಹಿಂದೆಯೇ ಎದೆ ಖಾಲಿಯಾಯಿತು.

ಅಂದು ಸಂಜೆ ಅವಳು ಅಂಗಡಿಗೆ ಹೋಗಿ ಒಂದು ಕುರ್ಚಿ ತಂದಳು. ಕಿಟಕಿಯ ಪಕ್ಕ ಹಾಕಿ, ಕೂತು ಊಟ ಮಾಡಿದಳು. ಹೆಲ್ಮೆಟನ್ನು ಕಿಟಕಿಯ ಕಟ್ಟೆಯ ಮೇಲೆ, ದೀಪದ ಬೆಳಕು ಬೀಳುವ ಹಾಗೆ ಇಟ್ಟಳು. ಮನೆಯಲ್ಲಿ ಬೇರೆಲ್ಲೂ ಜಾಗವಿರಲಿಲ್ಲ ಎಂದು ಯಾರಾದರೂ ಕೇಳಿದರೆ ಹೇಳಬಹುದಿತ್ತು. ಕೇಳುವವರು ಯಾರಿದ್ದರು?

ಗುರುವಾರ ಹೋಯಿತು. ಶುಕ್ರವಾರ ಅವನ ಹೊತ್ತಿಗೆ ಅವಳು ಮಂಚಕ್ಕೆ ಹೊಸ ಕಾಗದ ಹಾಸಿದಳು, ಆಮೇಲೆ ಬೆನ್ನುನೋವಿನ ಒಬ್ಬ ಮೇಷ್ಟ್ರು ಬಂದು ಅದರ ಮೇಲೆ ಮಲಗಿದರು. ಮುಂದಿನ ವಾರವೂ ಹಾಗೇ ಕಳೆಯಿತು. ವಾರಗಟ್ಟಲೆ ಸುಮ್ಮನೆ ಸ್ಟೋರಿನಲ್ಲಿ ಕೂರಿಸಿದ್ದಕ್ಕೆ ಅವನಿಗೆ ಕೋಪ ಬಂದಿರಬೇಕು, ಬರಬೇಕಾದದ್ದೇ ಎಂದುಕೊಂಡಳು. ನೀಲಿ ಕುರ್ತಾ ಒಗೆದು ಬೀರುವಿನ ತಳಕ್ಕೆ ಸೇರಿಸಿದಳು.

ಕ್ರೇನು ಬಿಚ್ಚುವ ಹಿಂದಿನ ದಿನ ಸಂಜೆ, ಕ್ಲಿನಿಕ್ ಮುಚ್ಚುವ ಹೊತ್ತಿಗೆ ಅವನು ಬಂದ. ಕೈಗವಸು ಕೂಡ ತೆಗೆದಿರಲಿಲ್ಲ.

“ಹೆಲ್ಮೆಟ್ ವಾಪಸ್ ಬೇಕಂತೆ. ಸ್ಟೋರ್‌ನವ್ರು ಗಲಾಟೆ ಮಾಡ್ತಿದಾರೆ.”

“ಸ್ಟೋರ್‌ನವ್ರು ನೀವೇ ಅಲ್ವಾ?”

“ಈಗ ಬೇರೆಯವ್ರು. ತುಂಬಾ ಸ್ಟ್ರಿಕ್ಟು.”

ದೊಡ್ಡ ಮೇಡಮ್‌ಗೆ ಇದ್ದಕ್ಕಿದ್ದಂತೆ ತಮ್ಮ ಕನ್ನಡಕ ಸಡಿಲವಾಗಿರುವುದು ನೆನಪಾಯಿತು. ಅಂಗಡಿ ಮುಚ್ಚಿಬಿಡುತ್ತಾನೆ ಎನ್ನುತ್ತ ಕೆಳಗಿಳಿದು ಹೋದರು.

ಹೆಲ್ಮೆಟ್ ಮನೆಯಲ್ಲಿದೆ ಎಂದಳು ಅವಳು. ಗೊತ್ತು ಎಂದ ಅವನು. ಅವಳು ತಲೆಯೆತ್ತಿದಳು.

“ಮೇಲಿಂದ ಕಾಣ್ಸತ್ತೆ. ಆ ಕಿಟಕಿಯವ್ರು ಈಗ ಕೂತ್ಕೊಂಡು ಊಟ ಮಾಡ್ತಾರೆ.” ಅವನು ಕೈಗವಸನ್ನು ಒಂದೊಂದೇ ಬೆರಳಿನಿಂದ ಬಿಡಿಸುತ್ತ ಹೇಳಿದ. “ಮೊದಲನೇ ದಿನ ನೋಡಿ ನಂಗೆ ಕೆಳಗಿಳಿಯಕ್ಕೇ ಧೈರ್ಯ ಬರ್ಲಿಲ್ಲ. ಇಷ್ಟು ದಿನ ಬೇಕಾಯ್ತು. ನೀವು ಇನ್ನೂ ಉತ್ತರ ಹೇಳಿಲ್ಲ ಡಾಕ್ಟ್ರೇ. ಅದು ಯಾರದ್ದು?”

ಕನ್ನಡಕದಂಗಡಿಯ ಶಟರು ಅರ್ಧ ಇಳಿದ ಸದ್ದು ಕೇಳಿಸಿತು. ಅವಳು ಎರಡು ಕೈಗಳನ್ನೂ ಮಂಚದ ಅಂಚಿಗೆ ಒತ್ತಿ ಹಿಡಿದಿದ್ದಳು.

“ನಂದು,” ಎಂದಳು.

“ಪ್ರತಿ ಸಲಾನೂ?”

“ಪ್ರತಿ ಸಲಾನೂ.”

ಅವನು ಹತ್ತಿರ ಬಂದ. ನಾನೂ ನೋಡಲೇ ಎಂದು ಕೇಳಿದ, ಕೇಳಿ ಕಾದ. ಅವಳು ಕೈ ಚಾಚಿದಳು. ಅವನು ಅವಳ ಮಣಿಕಟ್ಟನ್ನು ಹಿಡಿದುಕೊಂಡ. ಲಿವರ್ ಹಿಡಿದು ಹಿಡಿದು ಗಟ್ಟಿಯಾದ ಕೈ, ಆದರೆ ಹಿಡಿತ ಹಗುರ. ಯಾರಾದರೂ ತನ್ನನ್ನು ಹೀಗೆ, ಬೇಕೆಂದು, ಹಿಡಿದು ಎಷ್ಟು ಕಾಲವಾಯಿತು ಎಂದು ಅವಳು ನೆನಪಿಸಿಕೊಳ್ಳಲು ಹೋಗಿ ಬಿಟ್ಟುಬಿಟ್ಟಳು. ಅವನು ನರ ಹುಡುಕಿ ಅದರ ಮೇಲೆ ಹೆಬ್ಬೆರಳಿಟ್ಟ.

“ಹೆಬ್ಬೆರಳಲ್ಲಿ ನೋಡ್ಬಾರ್ದು.” ಅವಳ ದನಿ ಸಣ್ಣಗಾಗಿತ್ತು. “ಅದ್ರಲ್ಲಿ ನಿಮ್ಮದೇ ಬಡಿತ ಜೋರಾಗಿರತ್ತೆ. ಯಾರದ್ದು ಅಂತ ಗೊತ್ತಾಗಲ್ಲ.”

ಅವನು ತಲೆ ಬಗ್ಗಿಸಿ, ಮೈಯೆಲ್ಲ ಕಿವಿಯಾಗಿ ಸ್ವಲ್ಪ ಹೊತ್ತು ನಿಂತ.

“ಹಾಗಾದ್ರೆ ಇದು ನಂದು,” ಎಂದ. “ತುಂಬಾ ಓಡ್ತಿದೆ.”

ಬೆರಳು ಬದಲಿಸಲಿಲ್ಲ. ಅವಳೂ ಸಾಕು ಎನ್ನಲಿಲ್ಲ.

ನಾಳೆ ಬೆಳಿಗ್ಗೆ ಬಿಚ್ಚಲು ಶುರು ಮಾಡುತ್ತಾರೆ, ನಾಡಿದ್ದು ಲಾರಿಗಳ ಜೊತೆ ಹೊರಡಬೇಕು, ಅಲ್ಲಿ ಎರಡು ವರ್ಷದ ಕೆಲಸ ಎಂದು ಅವನು ಹೇಳಿದ. ಬೇಡ ಎನ್ನುವುದು ಅವಳ ಬಾಯಿಯವರೆಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

“ಬಂದರಲ್ಲೂ ಕತ್ತು ನೋಯೋರು ಇರ್ತಾರೆ,” ಎಂದ ಅವನು, ಅವಳ ಕೈಯನ್ನೇ ನೋಡುತ್ತ.

“ಕತ್ತು ನೋಯೋರು ಎಲ್ಲಾ ಕಡೆ ಇರ್ತಾರೆ.”

“ನಾನು ಎಲ್ಲಾ ಕಡೆ ಇರಲ್ಲ.”

ಅವಳು ನಕ್ಕಳು, ಕಣ್ಣಲ್ಲಿ ನೀರಿತ್ತು. ಯೋಚಿಸಬೇಕು ಎಂದಳು. ಯೋಚಿಸಿ, ನಾನು ಬ್ರೇಕ್ ಹಾಕುವವನಲ್ಲ, ನಿಮ್ಮ ಗಾಳಿ ಯಾವ ಕಡೆಗೋ ಆ ಕಡೆಗೆ ತಿರುಗಿ ಎಂದ ಅವನು. ಮೆಟ್ಟಿಲಿನಲ್ಲಿ ದೊಡ್ಡ ಮೇಡಮ್ ಬೇಕೆಂದೇ ಜೋರಾಗಿ ಕೆಮ್ಮುತ್ತ ಹತ್ತುತ್ತಿರುವುದು ಕೇಳಿಸಿದಾಗಲೂ ಅವನು ಕೈ ಬಿಡಲಿಲ್ಲ. ಬಾಗಿಲ ತನಕ ಹೋದವನು ತಿರುಗಿ, ಹೆಲ್ಮೆಟ್ ಅಲ್ಲೇ ಇರಲಿ, ಸ್ಟೋರ್‌ನವರಿಗೆ ನಾನು ಹೇಳಿಕೊಳ್ಳುತ್ತೇನೆ ಎಂದ.

ಭಾನುವಾರದ ಹೊತ್ತಿಗೆ ಆ ಜಾಗದಲ್ಲಿ ಬರಿಯ ಆಕಾಶವಿತ್ತು. ಅಷ್ಟು ದೊಡ್ಡ ವಸ್ತು ಇಷ್ಟು ಬೇಗ ಇಲ್ಲವಾಗಬಹುದೆಂದು ಅವಳು ಎಣಿಸಿರಲಿಲ್ಲ. ತಟ್ಟೆ ಹಿಡಿದು ಬಂದವಳು ಹಳೆಯ ರೂಢಿಯಲ್ಲಿ ಕಿಟಕಿಗೆ ಒರಗಿ ನಿಂತಳು. ಮನೆ ಎಂದಿನಂತೆ ನಿಶ್ಶಬ್ದವಾಗಿತ್ತು. ನೋಡುವವರು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು.

ಫೋನು ಬಂತು. ಅಕ್ಕ ಮಕ್ಕಳ ರಿಸಲ್ಟು ಹೇಳಿದಳು, ಭಾವನ ಮಂಡಿ ಹೇಳಿದಳು. ಅವಳು ಹೂಂಗುಟ್ಟುತ್ತ ಹೆಬ್ಬೆರಳನ್ನು ತನ್ನ ಮಣಿಕಟ್ಟಿನ ಮೇಲಿಟ್ಟುಕೊಂಡಿದ್ದಳು, ಅವನು ಇಟ್ಟಿದ್ದ ಜಾಗದಲ್ಲೇ.

“ಮತ್ತೆ, ಏನಾದ್ರೂ ವಿಶೇಷ ಇದ್ಯಾ ಪುಟ್ಟಿ?”

ಏನಿಲ್ಲ ಎಂಬ ಉತ್ತರ ಮುಗಿಯುವ ಮೊದಲೇ ಫೋನಿಡುವುದು ಅಕ್ಕನಿಗೆ ರೂಢಿಯಾಗಿತ್ತು.

“ಇಡ್ಬೇಡ ಅಕ್ಕ,” ಎಂದಳು ಅವಳು. “ಇದೆ. ಕೂತ್ಕೋ, ಹೇಳ್ತೀನಿ.”